ಬೈಡನ್ ಅವರ ಮೊದಲ ವರ್ಷ ಮತ್ತು ನಿನ್ನ ಗ್ರೀನ್ ಕಾರ್ಡ್

ಪಿಟ್ಸ್‌ಬರ್ಗ್, ಪೆನ್ಸಿಲ್ವೇನಿಯಾ
ಫೆಬ್ರವರಿ 2022

ಪ್ರಿಯ ಪ್ರದೀಪ,

ನೀನು ಮೂರು ಪ್ರಶ್ನೆ ಕೇಳಿದ್ದೀಯ. ಇಲ್ಲಿ ಅಮೆರಿಕದಲ್ಲಿ ಬದುಕು ಹೇಗೆ? ಚುನಾವಣೆಯಲ್ಲಿ ವಲಸಿಗರಿಗೆ ಅಷ್ಟೆಲ್ಲ ಮಾತು ಕೊಟ್ಟ ಅಧ್ಯಕ್ಷ ಬೈಡನ್ ಒಂದು ವರ್ಷದಲ್ಲಿ ಮಾಡಿದ್ದೇನು? ಅವರನ್ನು ನಂಬಿ ಹೆಂಡತಿಯನ್ನು ಬೆಂಗಳೂರಿನ ಕೆಲಸ ಬಿಡಿಸಿ ಕರೆಸಿಕೊಳ್ಳಬಹುದೇ? ನೀನು ಬಿಡಿಬಿಡಿಯಾಗಿ ಕೇಳಿದ್ದರೂ ಎಚ್-1ಬಿ ವೀಸಾದ ಮೇಲೆ, ಅಂದರೆ ಕಂಪನಿ ಕೊಡಿಸಿದ ಕೆಲಸದ ವೀಸಾದ ಮೇಲೆ, ಬದುಕುವವರಿಗೆ ಇವು ಬೇರೆ ಬೇರೆ ಪ್ರಶ್ನೆಗಳಲ್ಲ. ವಾಷಿಂಗ್ಟನ್ನಿನಲ್ಲಿ ಒಂದು ಕಾಗದ ಈ ಮೇಜಿನಿಂದ ಆ ಮೇಜಿಗೆ ಹೋಗದಿದ್ದರೆ ಪಿಟ್ಸ್‌ಬರ್ಗಿನಲ್ಲಿ ಒಬ್ಬಳು ಇಂಜಿನಿಯರ್ ವರ್ಷಗಟ್ಟಲೆ ಮನೆಯಲ್ಲಿ ಕೂರಬೇಕಾಗುತ್ತದೆ. ನಾನೂ ಎಚ್-1ಬಿ ನೌಕರರ ಸಂಗಾತಿ, ಮಕ್ಕಳಿಗೆ ಕೊಡುವ ಎಚ್-4 ವೀಸಾದಲ್ಲಿ ಬಂದವಳು. ಹಾಗೆ ಕೂತವರಲ್ಲಿ ನಾನೂ ಒಬ್ಬಳಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಜನವರಿ 20ಕ್ಕೆ ಬೈಡನ್ ಅಧಿಕಾರಕ್ಕೆ ಬಂದು ಒಂದು ವರ್ಷ ತುಂಬಿದ ಮೇಲೆ ಎಲ್ಲ ಪತ್ರಿಕೆಗಳೂ ಅಂಕಪಟ್ಟಿ ಹಾಕುತ್ತಿವೆ. ಅವುಗಳಲ್ಲಿ ರಾಜಕಾರಣಿಗಳ ಮಾತನ್ನು ಪರಿಶೀಲಿಸುವ ಪಾಲಿಟಿಫ್ಯಾಕ್ಟ್ ಎಂಬ ಸಂಸ್ಥೆಯ ಪಟ್ಟಿಯನ್ನು ನಾನು ಗೌರವದಿಂದ ಓದುತ್ತೇನೆ. ಅಧ್ಯಕ್ಷರ ಉದ್ದೇಶ ಒಳ್ಳೆಯದಿತ್ತೇ, ಅವರು ಕಷ್ಟಪಟ್ಟರೇ ಎಂಬುದನ್ನು ಆ ಸಂಸ್ಥೆಯವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಲಸ ಆಯಿತೇ ಇಲ್ಲವೇ ಎಂದಷ್ಟೇ ನೋಡಿ ಈಡೇರಿತು, ಮುರಿಯಿತು, ರಾಜಿಯಾಯಿತು, ನಿಂತುಹೋಯಿತು ಎಂದು ಗುರುತು ಹಾಕುತ್ತಾರೆ. ಆದರೆ ಇಂಥ ಪಟ್ಟಿಯನ್ನು ಓದುವಾಗ ಪ್ರತಿಯೊಂದು ಭರವಸೆಯ ಪಕ್ಕದಲ್ಲಿ ನೀನೇ ಇನ್ನೊಂದು ಟಿಪ್ಪಣಿ ಬರೆದುಕೊಳ್ಳಬೇಕು: ಇದು ಯಾರ ಕೈಯಲ್ಲಿತ್ತು? ಅಧ್ಯಕ್ಷರ ಸಹಿಯೊಂದರಿಂದ ಆಗುವಂಥದ್ದೇ, ಸಂಸತ್ತಿನ ಒಪ್ಪಿಗೆ ಬೇಕೇ, ನ್ಯಾಯಾಲಯ ತಡೆಯಬಲ್ಲದೇ, ಇಲ್ಲವೇ ರಾಜ್ಯಗಳ ಪಾಲಿನದೇ? ಮುಖ್ಯಮಂತ್ರಿಯೇ ವಿಧಾನಸಭೆಯ ಬಹುಮತದ ನಾಯಕನಾಗಿರುವ ವ್ಯವಸ್ಥೆಯಲ್ಲಿ ಬೆಳೆದ ನಮಗೆ ಇದು ಬೇಗ ಹೊಳೆಯುವುದಿಲ್ಲ. ಇಲ್ಲಿ ಅಧ್ಯಕ್ಷರ ಪಕ್ಷದವರೇ ಅವರ ಮಸೂದೆಯನ್ನು ಬೀಳಿಸಬಹುದು. ಹಾಗೆ ಬೀಳಿಸಿದರೂ ಸರಕಾರ ಬೀಳುವುದಿಲ್ಲ.

ಸಹಿಯಿಂದ ಆಗುವುದನ್ನು ಬೈಡನ್ ಚುರುಕಾಗಿಯೇ ಮಾಡಿದರು. ಮೊದಲ ದಿನವೇ ಹದಿನೇಳು ಆದೇಶ, ಪ್ರಕಟಣೆಗಳಿಗೆ ಸಹಿ ಬಿತ್ತು. ಪ್ಯಾರಿಸ್ ಹವಾಮಾನ ಒಪ್ಪಂದಕ್ಕೆ ಮರಳಿದ್ದು, ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಉಳಿದದ್ದು, ಮುಸ್ಲಿಂ ಬಹುಸಂಖ್ಯಾತ ದೇಶಗಳ ಮೇಲಿನ ಪ್ರವೇಶ ನಿಷೇಧವನ್ನು ತೆಗೆದದ್ದು ಎಲ್ಲ ಅಂದೇ. ಲಸಿಕೆಯ ವಿಷಯದಲ್ಲಂತೂ ಕೊಟ್ಟ ಮಾತಿಗಿಂತ ಮುಂದೆ ಹೋದರು. ನೂರು ದಿನದಲ್ಲಿ ಹತ್ತು ಕೋಟಿ ಡೋಸ್ ಎಂದಿದ್ದರು; ಐವತ್ತೆಂಟನೆಯ ದಿನಕ್ಕೇ ಅದು ಮುಗಿಯಿತು. ಗುರಿಯನ್ನು ಇಪ್ಪತ್ತು ಕೋಟಿಗೆ ಏರಿಸಿದರು, ಅದನ್ನೂ ಗಡುವಿನೊಳಗೆ ದಾಟಿದರು. ಇದು ಸಣ್ಣ ಸಾಧನೆಯಲ್ಲ. ಆದರೂ ಕೋವಿಡ್‌ನಿಂದ 2020ಕ್ಕಿಂತ 2021ರಲ್ಲೇ ಇಲ್ಲಿ ಹೆಚ್ಚು ಜನ ಸತ್ತರು. ಡಿಸೆಂಬರಿನಲ್ಲಿ ಓಮಿಕ್ರಾನ್ ಹರಡಿದಾಗ ಪರೀಕ್ಷೆಯ ಕಿಟ್ ಸಿಗದೆ ಔಷಧಿ ಅಂಗಡಿಯಿಂದ ಅಂಗಡಿಗೆ ಅಲೆದೆವು. ಮನೆಗೆ ನಾಲ್ಕು ಕಿಟ್ ಉಚಿತವಾಗಿ ಕಳಿಸುವ ವ್ಯವಸ್ಥೆ ಶುರುವಾಗುವಷ್ಟರಲ್ಲಿ ಜನವರಿ ಅರ್ಧ ಕಳೆದಿತ್ತು. ದೊಡ್ಡ ಕಂಪನಿಗಳ ನೌಕರರಿಗೆ ಲಸಿಕೆ ಅಥವಾ ಪರೀಕ್ಷೆ ಕಡ್ಡಾಯ ಮಾಡಿದ ನಿಯಮವನ್ನು ಸುಪ್ರೀಂ ಕೋರ್ಟ್ ಜನವರಿ 13ರಂದು ತಡೆಯಿತು. ಅಂದಹಾಗೆ, ಈ ಸರಕಾರದ ಸರ್ಜನ್ ಜನರಲ್, ಅಂದರೆ ಜನರಿಗೆ ಆರೋಗ್ಯದ ತಿಳಿವಳಿಕೆ ಕೊಡುವ ಮುಖ್ಯ ವೈದ್ಯಾಧಿಕಾರಿ, ವಿವೇಕ್ ಮೂರ್ತಿ ಅವರ ಮನೆತನ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯದು. ಲಸಿಕೆ ಹಾಕಿಸಿಕೊಳ್ಳಿ ಎಂದು ಅವರು ಟಿವಿಯಲ್ಲಿ ತಾಳ್ಮೆಯಿಂದ ವಿವರಿಸುವಾಗ ನಮ್ಮ ಮನೆಯಲ್ಲಿ ಎಲ್ಲರೂ ಮಾತು ನಿಲ್ಲಿಸಿ ಕೇಳುತ್ತಿದ್ದೆವು.

ಅದೇ ಸಹಿ ನಮ್ಮವರನ್ನು ಕಾಡಿದ್ದೂ ಉಂಟು. ಭಾರತದಲ್ಲಿ ಎರಡನೇ ಅಲೆ ಎದ್ದಾಗ, ಮೇ 4ರಿಂದ ಭಾರತದಿಂದ ಬರುವವರಿಗೆ ಬಾಗಿಲು ಮುಚ್ಚಿದರು. ಇಲ್ಲಿಯ ಪ್ರಜೆಗಳಿಗೆ, ಕಾಯಂ ವಾಸದ ಗ್ರೀನ್ ಕಾರ್ಡ್ ಇದ್ದವರಿಗೆ ವಿನಾಯಿತಿ ಇತ್ತು. ವರ್ಷಗಳಿಂದ ಇಲ್ಲೇ ತೆರಿಗೆ ಕಟ್ಟುತ್ತಿದ್ದ ಎಚ್-1ಬಿ ನೌಕರರಿಗೆ ಇರಲಿಲ್ಲ. ನಮ್ಮ ಬೀದಿಯಲ್ಲಿರುವ ಹಾಸನದ ಹುಡುಗನ ತಂದೆ ಆ ಮೇ ತಿಂಗಳಲ್ಲಿ ತೀರಿಕೊಂಡರು. ಇಲ್ಲಿ ಹೆಂಡತಿ ಆರು ತಿಂಗಳ ಗರ್ಭಿಣಿ. ಹೋದರೆ ಯಾವಾಗ ಮರಳಲಾದೀತೋ ಹೇಳುವವರಿಲ್ಲ, ಚೆನ್ನೈ ದೂತಾವಾಸದಲ್ಲಿ ವೀಸಾ ಸ್ಟಾಂಪಿಂಗ್‌ಗೆ ದಿನಾಂಕ ಸಿಗುವಂತಿಲ್ಲ. ಒಬ್ಬನೇ ಮಗ. ಚಿತೆಗೆ ಚಿಕ್ಕಪ್ಪ ಬೆಂಕಿ ಇಟ್ಟದ್ದನ್ನು ಅವನು ನಮ್ಮ ಅಡುಗೆಮನೆಯಲ್ಲಿ ನಿಂತು ಮೊಬೈಲಿನಲ್ಲಿ ನೋಡಿದ. ಆ ನಿಷೇಧ ತೆರವಾದದ್ದು ನವೆಂಬರ್ 8ಕ್ಕೆ. ಸೋಂಕು ತಡೆಯುವ ಉದ್ದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವೈರಸ್ಸಿಗೆ ಗ್ರೀನ್ ಕಾರ್ಡ್ ಇದ್ದವರು, ಇಲ್ಲದವರು ಎಂಬ ಭೇದ ಗೊತ್ತಿಲ್ಲ. ಆ ಭೇದವನ್ನು ಮಾಡಿದ್ದು ಆದೇಶ ಬರೆದವರು.

ಈಗ ಸಂಸತ್ತಿನ ಕಡೆಗೆ ಬಾ. ಮೇಲ್ಮನೆಯಾದ ಸೆನೆಟ್ಟಿನಲ್ಲಿ ಎರಡೂ ಬಣಗಳಿಗೆ ಐವತ್ತೈವತ್ತು ಸ್ಥಾನ. ಸಮಬಲವಾದರೆ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರ ಮತ. ಇದರಲ್ಲಿಯೇ ಮಾರ್ಚಿನಲ್ಲಿ 1.9 ಲಕ್ಷ ಕೋಟಿ ಡಾಲರಿನ ಕೋವಿಡ್ ನೆರವಿನ ಕಾನೂನು ಪಾಸಾಯಿತು. ತಲೆಗೆ 1,400 ಡಾಲರ್ ಬಂತು. ಜುಲೈನಿಂದ ಡಿಸೆಂಬರಿನವರೆಗೆ ತಿಂಗಳು ತಿಂಗಳು ಪ್ರತಿ ಮಗುವಿಗೆ 250 ಅಥವಾ 300 ಡಾಲರ್ ಬ್ಯಾಂಕಿಗೆ ಬಿತ್ತು. ಆ ಹಣ ಈಗ ನಿಂತಿದೆ. ಅದನ್ನು ಮುಂದುವರಿಸಬೇಕಿದ್ದ ದೊಡ್ಡ ಮಸೂದೆಗೆ ಬೈಡನ್ ಅವರದೇ ಪಕ್ಷದ ವೆಸ್ಟ್ ವರ್ಜೀನಿಯಾದ ಸೆನೆಟರ್ ಜೋ ಮ್ಯಾಂಚಿನ್ ಡಿಸೆಂಬರ್ 19ರಂದು ಟಿವಿಯಲ್ಲಿ ಕೂತು ‘ಆಗದು’ ಎಂದುಬಿಟ್ಟರು. ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ ಇನ್ನೂ ಮೊದಲೇ ಬಿದ್ದುಹೋಗಿತ್ತು. ವಿದ್ಯಾರ್ಥಿ ಸಾಲದಲ್ಲಿ ಹತ್ತು ಸಾವಿರ ಡಾಲರ್ ಮನ್ನಾ ಎಂದಿದ್ದರು. ಕಂತುಗಳನ್ನು ಮುಂದೂಡಿದ್ದು ಬಿಟ್ಟರೆ ಅದರ ಸುದ್ದಿಯಿಲ್ಲ.

ಇದೆಲ್ಲದರ ನಡುವೆ ಒಂದು ಮಾತನ್ನು ಮಾತ್ರ ಎರಡೂ ಪಕ್ಷದವರನ್ನು ಸೇರಿಸಿಕೊಂಡು ಉಳಿಸಿಕೊಂಡರು. ಅದು ರಸ್ತೆ, ಸೇತುವೆ, ನೀರಿನ ಕೊಳವೆಗಳ ಕಾನೂನು. ಪಿಟ್ಸ್‌ಬರ್ಗಿನವರಾದ ನಮಗೆ ಅದು ಅಂಕಪಟ್ಟಿಯ ಒಂದು ಸಾಲು ಮಾತ್ರವಲ್ಲ. 2019ರಲ್ಲಿ ಬೈಡನ್ ತಮ್ಮ ಪ್ರಚಾರದ ಮೊದಲ ಸಭೆ ನಡೆಸಿದ್ದು ಈ ಊರಿನಲ್ಲಿ. ಕಳೆದ ಮಾರ್ಚ್ 31ರಂದು ಈ ಯೋಜನೆಯನ್ನು ಘೋಷಿಸಿದ್ದೂ ಇಲ್ಲೇ. ನವೆಂಬರ್ 15ಕ್ಕೆ ಕಾನೂನಾಯಿತು, ಒಟ್ಟು 1.2 ಲಕ್ಷ ಕೋಟಿ ಡಾಲರ್. ಅದರ ಬಗ್ಗೆಯೇ ಮಾತನಾಡಲು ಅವರು ಕಳೆದ ತಿಂಗಳು 28ಕ್ಕೆ ಬರುವವರಿದ್ದರು. ಅಂದು ಬೆಳಿಗ್ಗೆ ಏಳು ಗಂಟೆಗೂ ಮುಂಚೆ ಫ್ರಿಕ್ ಪಾರ್ಕಿನ ಮೇಲೆ ಹಾಯುವ ಫರ್ನ್ ಹಾಲೋ ಸೇತುವೆ ಕುಸಿದು ಕಣಿವೆಗೆ ಬಿತ್ತು. ನೀನೂ ಫೋಟೋ ನೋಡಿರುತ್ತೀಯ: ಕೆಂಪು ಬಸ್ಸು ಮುರಿದ ಹಲಗೆಯ ಮೇಲೆ ವಾಲಿಕೊಂಡು ನಿಂತಿತ್ತು, ಸುತ್ತ ಹಿಮ. ಹಿಮದ ಕಾರಣ ಶಾಲೆಗಳು ಎರಡು ಗಂಟೆ ತಡವಾಗಿ ಶುರುವಾಗುವುದಿತ್ತು. ಇಲ್ಲದಿದ್ದರೆ ಆ ಹೊತ್ತಿಗೆ ಅಲ್ಲಿ ವಾಹನ ದಟ್ಟಣೆ ಎಷ್ಟಿರುತ್ತಿತ್ತೆಂದು ನೆನೆದರೆ ಈಗಲೂ ಎದೆ ನಡುಗುತ್ತದೆ. ಕೆಲವರಿಗೆ ಪೆಟ್ಟಾಯಿತು, ಯಾರೂ ಸಾಯಲಿಲ್ಲ. ಬೈಡನ್ ನೇರವಾಗಿ ಅಲ್ಲಿಗೇ ಹೋಗಿ ನೋಡಿ, ಎಲ್ಲ ಸೇತುವೆಗಳನ್ನೂ ಸರಿಪಡಿಸುತ್ತೇವೆ ಎಂದರು.

ಭರವಸೆಗೂ ಫಲಕ್ಕೂ ನಡುವಿನ ದೂರ ಏನೆಂದು ಅಂದು ಈ ಊರಿಗೆ ಗೊತ್ತಾಯಿತು. ಆ ಸೇತುವೆಯ ಸ್ಥಿತಿ ಕಳಪೆ ಎಂದು ತಪಾಸಣೆಯ ದಾಖಲೆಗಳಲ್ಲಿ 2011ರಿಂದಲೂ ಬರೆದಿತ್ತು. ಕಾನೂನು ಬಂದು ಎರಡು ತಿಂಗಳು ದಾಟಿತ್ತು. ಪೆನ್ಸಿಲ್ವೇನಿಯಾದ ಸೇತುವೆಗಳಿಗೆ ಐದು ವರ್ಷದಲ್ಲಿ 160 ಕೋಟಿ ಡಾಲರ್ ಎಂದು ಜನವರಿ ನಡುವಿನಲ್ಲಷ್ಟೇ ಪ್ರಕಟವಾಗಿತ್ತು. ಹಣ ವಾಷಿಂಗ್ಟನ್ನಿನಿಂದ ರಾಜ್ಯಕ್ಕೆ ಬರಬೇಕು, ರಾಜ್ಯದಿಂದ ಊರಿಗೆ ಬರಬೇಕು, ಆಮೇಲೆ ಟೆಂಡರ್. ಅಂಕಪಟ್ಟಿಯಲ್ಲಿ ಈ ಭರವಸೆಗೆ ‘ಈಡೇರಿತು’ ಎಂದು ಬರೆದರೆ ನಾನು ಒಪ್ಪುತ್ತೇನೆ, ಏಕೆಂದರೆ ಅಧ್ಯಕ್ಷರ ಕೈಯಲ್ಲಿ ಇದ್ದದ್ದು ಅಷ್ಟು. ಆದರೆ ಅಂಕಪಟ್ಟಿ ನೋಡಿ ಯಾರೂ ಸೇತುವೆ ದಾಟಲಾಗುವುದಿಲ್ಲ.

ನಿನ್ನ ಗ್ರೀನ್ ಕಾರ್ಡಿಗೆ ಬರೋಣ. ಮೊದಲ ದಿನವೇ ಮಸೂದೆ ಕಳಿಸುತ್ತೇನೆ ಎಂದಿದ್ದರು, ಕಳಿಸಿದರು. ದಾಖಲೆಯಿಲ್ಲದ ಸುಮಾರು 1.1 ಕೋಟಿ ಜನರಿಗೆ ಪೌರತ್ವದ ದಾರಿ, ಅದರ ಜೊತೆಗೆ ಉದ್ಯೋಗದ ಗ್ರೀನ್ ಕಾರ್ಡುಗಳಲ್ಲಿ ಒಂದೊಂದು ದೇಶಕ್ಕೆ ಶೇಕಡಾ 7 ಎಂಬ ಮಿತಿಯನ್ನು ತೆಗೆಯುವ ಅಂಶ ಅದರಲ್ಲಿತ್ತು. ಫೆಬ್ರವರಿಯಲ್ಲಿ ಎರಡೂ ಸದನಗಳಲ್ಲಿ ಮಂಡನೆಯಾದದ್ದು ಅಲ್ಲೇ ಕೂತಿದೆ. ಇದಕ್ಕಾಗಿ ನಾನು ಅಧ್ಯಕ್ಷರ ಮೇಲೆ ಹೆಚ್ಚು ಸಿಟ್ಟಾಗುವುದಿಲ್ಲ. ಹಣಕಾಸಿನ ಮಸೂದೆಯಂತಲ್ಲ, ಇಂಥದ್ದಕ್ಕೆ ಸೆನೆಟ್ಟಿನ ನೂರರಲ್ಲಿ ಅರವತ್ತು ಮತ ಬೇಕು, ಅವರಿಗೆ ಇಲ್ಲ.

ನನ್ನ ಸಿಟ್ಟಿರುವುದು ಯಾವ ಅಂಕಪಟ್ಟಿಯಲ್ಲೂ ಇಲ್ಲದ ಒಂದು ಸಂಗತಿಯ ಮೇಲೆ. ಉದ್ಯೋಗದ ಗ್ರೀನ್ ಕಾರ್ಡು ವರ್ಷಕ್ಕೆ ಸುಮಾರು 1.4 ಲಕ್ಷ. ಕೋವಿಡ್‌ನಿಂದ ದೂತಾವಾಸಗಳು ಮುಚ್ಚಿ, ಕುಟುಂಬದ ಪಾಲಿನವು ಖರ್ಚಾಗದೆ ಉಳಿದು, ಕಾನೂನಿನ ಪ್ರಕಾರ ಈ ಕಡೆಗೆ ಬಂದವು. ಹೀಗಾಗಿ 2021ರ ಲೆಕ್ಕದ ವರ್ಷಕ್ಕೆ 2.62 ಲಕ್ಷ ಸಿಕ್ಕವು. ಹತ್ತು ವರ್ಷ ಕಾದವರೆಲ್ಲ ವೈದ್ಯಕೀಯ ಪರೀಕ್ಷೆ ಮಾಡಿಸಿ, ಫೋಟೋ ಅಂಟಿಸಿ, ಅರ್ಜಿ ಹಾಕಿ ಕೂತರು. ವಲಸೆ ಇಲಾಖೆ ಕಡತಗಳನ್ನು ಮುಗಿಸಲಿಲ್ಲ. ಸೆನೆಟ್ ಒಪ್ಪಿದ ನಿರ್ದೇಶಕಿ ಆ ಇಲಾಖೆಗೆ ಬಂದದ್ದೇ ಆಗಸ್ಟಿನಲ್ಲಿ. ಲೆಕ್ಕದ ವರ್ಷ ಮುಗಿದ ಸೆಪ್ಟೆಂಬರ್ 30ರ ರಾತ್ರಿಗೆ ಸುಮಾರು 66 ಸಾವಿರ ಗ್ರೀನ್ ಕಾರ್ಡುಗಳು ಯಾರಿಗೂ ಸೇರದೆ ರದ್ದಾದವು. ಇದಕ್ಕೆ ಹೊಸ ಕಾನೂನು ಬೇಕಿರಲಿಲ್ಲ, ಮ್ಯಾಂಚಿನ್ ಅಡ್ಡ ನಿಂತಿರಲಿಲ್ಲ. ಬೈಡನ್ ಅವರದೇ ಇಲಾಖೆ, ಅವರದೇ ಸಿಬ್ಬಂದಿ. ಯಾವ ಭಾಷಣದಲ್ಲೂ ಇದರ ಬಗ್ಗೆ ಮಾತು ಕೊಟ್ಟಿರಲಿಲ್ಲವಾದ್ದರಿಂದ ಯಾವ ಭರವಸೆಯೂ ಮುರಿಯಲಿಲ್ಲ. ಆದರೆ ಮಗುವಾಗಿ ಇಲ್ಲಿಗೆ ಬಂದು ಇಪ್ಪತ್ತೊಂದು ತುಂಬುತ್ತಿರುವ ಎಷ್ಟೋ ಮಕ್ಕಳು ತಂದೆತಾಯಿಯ ಅರ್ಜಿಯಿಂದ ಹೊರಬೀಳುತ್ತಾರೆ. ಅವರಿಗೆ ಆ 66 ಸಾವಿರದಲ್ಲಿ ಒಂದು ಸಿಕ್ಕಿದ್ದರೆ ಸಾಕಾಗಿತ್ತು. ಅಧ್ಯಕ್ಷರೊಬ್ಬರ ಮೊದಲ ವರ್ಷವನ್ನು ತೂಗುವಾಗ ಕೊಟ್ಟ ಮಾತಿನಷ್ಟೇ ತೂಕ ಈ ದಿನನಿತ್ಯದ ಕೆಲಸಕ್ಕೂ ಸಿಗಬೇಕು. ನನ್ನ ಮಟ್ಟಿಗೆ ಬೈಡನ್ ಸೋತದ್ದು ಇಲ್ಲಿ.

ಉಳಿದದ್ದು ನೀನೇ ದಿನಾ ಕಾಣುತ್ತಿದ್ದೀಯ. ಕೆಲಸಗಳು ಧಾರಾಳವಾಗಿವೆ, ನಿರುದ್ಯೋಗ ಶೇಕಡಾ 4ರ ಆಸುಪಾಸಿಗೆ ಇಳಿದಿದೆ. ಡಿಸೆಂಬರಿನಲ್ಲಿ ಬೆಲೆ ಏರಿಕೆ ಶೇಕಡಾ 7, 1982ರ ನಂತರ ಇಷ್ಟಿರಲಿಲ್ಲ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಮುಂದಿನ ವರ್ಷದ ಏರಿಕೆ ಎಷ್ಟೆಂದು ಬರವಣಿಗೆಯಲ್ಲಿ ಕೇಳಿ ಪಡೆದುಕೋ.

ಇನ್ನು ನಿನ್ನ ಹೆಂಡತಿಯ ವಿಷಯ. ಎಚ್-4ರವರಿಗೆ ಕೆಲಸದ ಪರವಾನಗಿ 2015ರಿಂದ ಇದೆ, ಆದರೆ ಎಲ್ಲರಿಗೂ ಅಲ್ಲ. ಸಾಮಾನ್ಯವಾಗಿ ನಿನ್ನ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ನಿನ್ನ ಪರವಾಗಿ ಕಂಪನಿ ಹಾಕುವ ಅರ್ಜಿ, ಮಂಜೂರಾಗಿರಬೇಕು. ಹಿಂದಿನ ಸರಕಾರ ಈ ಪರವಾನಗಿಯನ್ನೇ ಕಿತ್ತುಹಾಕಲು ಹೊರಟಿತ್ತು. ಆ ಪ್ರಸ್ತಾವವನ್ನು ಬೈಡನ್ ಸರಕಾರ ಬಂದ ವಾರದಲ್ಲೇ ಹಿಂತೆಗೆದುಕೊಂಡಿತು. ನವೀಕರಣ ತಡವಾಗಿ ಹೆಂಗಸರು ಕೆಲಸ ಕಳೆದುಕೊಳ್ಳುತ್ತಿದ್ದುದಕ್ಕೆ ನ್ಯಾಯಾಲಯದಲ್ಲಿ ರಾಜಿಯಾಗಿ, ನವೆಂಬರಿನಿಂದ ಹಳೆಯ ಪರವಾನಗಿ ಕೆಲಕಾಲ ತಾನಾಗಿ ಮುಂದುವರಿಯುವ ಅವಕಾಶವೂ ಬಂದಿದೆ. ಆದ್ದರಿಂದ ನನ್ನ ಸಲಹೆ ಇದು: ಅವಳಿಗೆ ಈಗಲೇ ಕೆಲಸ ಬಿಡಿಸಬೇಡ. ಮನೆಯಿಂದ ಮಾಡುವ ಕೆಲಸವಾದ್ದರಿಂದ ಬೆಂಗಳೂರಿನಿಂದಲೇ ಮಾಡಲಿ. ನಿನ್ನ ಐ-140 ಕೈಗೆ ಬಂದ ಮೇಲೆ ಇಬ್ಬರೂ ಕೂತು ತೀರ್ಮಾನಿಸಿ. ಒಬ್ಬ ವಿದ್ಯಾವಂತೆ ವರ್ಷಗಟ್ಟಲೆ ಗಂಡನ ಸಂಬಳದ ಮೇಲೆ ಕೂತರೆ ಮನಸ್ಸಿಗೆ ಏನಾಗುತ್ತದೆಂದು ಅಧ್ಯಕ್ಷರ ಭಾಷಣದಲ್ಲಿ ಇರುವುದಿಲ್ಲ. ಅದನ್ನು ನನ್ನನ್ನು ಕೇಳು, ಅವಳಿಗೂ ನನ್ನ ನಂಬರ್ ಕೊಡು.

ಇಬಿ-2ರಲ್ಲಿ, ಅಂದರೆ ಉನ್ನತ ಪದವಿ ಇದ್ದವರ ಗ್ರೀನ್ ಕಾರ್ಡ್ ಸಾಲಿನಲ್ಲಿ, ಭಾರತೀಯರ ಪೈಕಿ ಈಗ 2013ರ ಆಸುಪಾಸಿನಲ್ಲಿ ಅರ್ಜಿ ಹಾಕಿದವರ ಸರದಿ ನಡೆಯುತ್ತಿದೆ. ನಿನ್ನ ಸರದಿ ಬರುವಷ್ಟರಲ್ಲಿ ಎಷ್ಟು ಅಧ್ಯಕ್ಷರು ಬಂದು ಹೋಗುತ್ತಾರೋ. ನಮ್ಮ ರಾಜ್ಯದ ಪ್ಯಾಟ್ ಟೂಮಿ ಬಿಟ್ಟುಕೊಡುತ್ತಿರುವ ಸೆನೆಟ್ ಸ್ಥಾನಕ್ಕೆ ನವೆಂಬರಿನಲ್ಲಿ ಚುನಾವಣೆ. ಆ ಒಂದು ಸ್ಥಾನ ಯಾರಿಗೆ ಹೋಗುತ್ತದೆ ಎಂಬುದು ಬೈಡನ್ ಅವರ ಮುಂದಿನ ಎರಡು ವರ್ಷವನ್ನು ನಿರ್ಧರಿಸಬಹುದು. ನಿನಗೆ ಮತವಿಲ್ಲ, ನನಗಿದೆ. ಅಭ್ಯರ್ಥಿಗಳು ಮತ ಕೇಳಲು ಬಂದಾಗ ಆ 66 ಸಾವಿರದ ಲೆಕ್ಕವನ್ನು ನಾನು ಕೇಳುತ್ತೇನೆ. ನಿನ್ನ ಸರದಿಯ ದಿನಾಂಕ ನಿಗದಿಯಾಗುವುದು ಕಂಪನಿ ಪರ್ಮ್, ಅಂದರೆ ಗ್ರೀನ್ ಕಾರ್ಡಿನ ಮೊದಲ ಹೆಜ್ಜೆಯಾಗಿ ಕಾರ್ಮಿಕ ಇಲಾಖೆಗೆ ಸಲ್ಲಿಸುವ ಅರ್ಜಿ, ಹಾಕಿದ ದಿನದಿಂದ, ನೀನು ಕೆಲಸಕ್ಕೆ ಸೇರಿದ ದಿನದಿಂದಲ್ಲ. ಅದನ್ನು ಯಾವಾಗ ಹಾಕುತ್ತಾರೆಂದು ಸೋಮವಾರವೇ ನಿನ್ನ ಮ್ಯಾನೇಜರನ್ನು ಕೇಳು. ಉತ್ತರವನ್ನು ಇಮೇಲ್‌ನಲ್ಲೇ ತೆಗೆದುಕೋ.

ನಿನ್ನ ಅಕ್ಕ