ಪ್ರೌಢಶಾಲೆ ಮಕ್ಕಳಿಗೆ ಹವಾಮಾನ ಬದಲಾವಣೆಯನ್ನು ಊರಿನವರ ಜೊತೆ ಸೇರಿ ಕಲಿಸುವುದು ಹೇಗೆ?

ಗಿಡ ನೆಟ್ಟು ಫೋಟೊ ತೆಗೆಸಿಕೊಂಡರೆ ಸಾಲದು. ಮಳೆ ಮತ್ತು ಬಾವಿಯ ನೀರಿನ ಮಟ್ಟ ಅಳೆಸಿ.

ಮಳೆಮಾಪಕಕ್ಕೆ ನೇರ ಬದಿಯ 2 ಲೀಟರ್ ಬಾಟಲಿ ಸಾಕು. ಮೇಲ್ಭಾಗ ಕತ್ತರಿಸಿ ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿ. ತಳ ಉಬ್ಬುತಗ್ಗಾಗಿರುತ್ತದೆ, ಹಾಗಾಗಿ ಬದಿ ನೇರವಾಗುವವರೆಗೆ ಜಲ್ಲಿಕಲ್ಲು, ನೀರು ತುಂಬಿ ಅಲ್ಲಿ ಸೊನ್ನೆ ಗುರುತು ಹಾಕಿ. ಮರ, ಸೂರುಗಳಿಂದ ದೂರ, ಬಯಲಲ್ಲಿಡಿ. ದಿನಾ ಬೆಳಿಗ್ಗೆ 8.30ಕ್ಕೆ (ಹವಾಮಾನ ಇಲಾಖೆ ಓದುವುದೂ ಆಗಲೇ) ಸೊನ್ನೆಯಿಂದ ಎಷ್ಟು ಮಿ.ಮೀ. ಏರಿದೆ ಎಂದು ಬರೆದುಕೊಂಡು ನೀರನ್ನು ಮತ್ತೆ ಸೊನ್ನೆಗೆ ತರಬೇಕು. ಬಿಸಿಲಿಗೆ ನೀರು ಆರಿ ಸೊನ್ನೆಗಿಂತ ಇಳಿದಿದ್ದರೆ ಮುಂದಿನ ಮಳೆ ಕಡಿಮೆ ತೋರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ.

ಬಾವಿಯನ್ನು ವಾರಕ್ಕೊಮ್ಮೆ, ಮೋಟರ್ ಹಾಕುವ ಮುಂಚೆ, ದೊಡ್ಡವರೊಬ್ಬರು ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ಅಳೆಯಲಿ, ಮಕ್ಕಳು ಬರೆದುಕೊಳ್ಳಲಿ. ಪ್ರತಿ ಸಲವೂ ಕಟ್ಟೆಯ ಮೇಲೆ ಬಣ್ಣದಲ್ಲಿ ಹಾಕಿದ ಒಂದೇ ಗುರುತಿನಿಂದ.

ಒಂದು ವರ್ಷದ ಅಂಕಿ ನೋಡಿ ‘ಹವಾಮಾನ ಬದಲಾಯಿತು’ ಎನ್ನಿಸಬೇಡಿ. ಅದಕ್ಕೆ 30 ವರ್ಷದ ಸರಾಸರಿ ಬೇಕು. ತಾಲ್ಲೂಕಿನ ಹಳೆಯ ಮಳೆ ದಾಖಲೆ ತರಿಸಿ. ರೋಹಿಣಿ ಮಳೆಗೆ ಮೊದಲೇನು ಬಿತ್ತುತ್ತಿದ್ದರು, ಈಗೇನು ಎಂದು ಹಿರಿಯ ರೈತರನ್ನು ಕೇಳಿಸಿ.

ಮಕ್ಕಳ ಗ್ರಾಮಸಭೆಯಲ್ಲಿ ಲೆಕ್ಕ ಹಿಡಿದು ಒಂದೇ ಬೇಡಿಕೆ ಇಡಲಿ: 100 ಚದರ ಮೀಟರ್ ಚಾವಣಿಗೆ 10 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್, ಅದರಲ್ಲಿ ಸುಮಾರು 800 ಹಿಡಿಯಬಹುದು, ಪೈಪು ತೊಟ್ಟಿ ಹಾಕಿಸಿಕೊಡಿ ಎಂದು.