ಮರದ ಬುಡದ ಹಾವಸೆ ಅನೋಮೋಡಾನ್ ಹೌದೋ ಅಲ್ಲವೋ?

ಮೇಪಲ್ ಮರದ ಬುಡಕ್ಕೆ ದಟ್ಟವಾಗಿ ಹಬ್ಬಿರುವ ಹಾವಸೆಯ ಎರಡು ಫೋಟೋ ಹಾಕಿ, ಇದು ಅನೋಮೋಡಾನ್ ಕುಲದ ಅನೋಮೋಡಾನ್ ಅಟೆನ್ಯುಯೇಟಸ್ ಎಂಬ ಜಾತಿ ಹೌದಾ ಅಥವಾ ಲ್ಯೂಕೋಡಾನ್ ಎಂಬ ಬೇರೆ ಕುಲದ ಹಾವಸೆಯಾ ಎಂದು ಕೇಳಿದ್ದೀರಿ. ನನಗೆ ಅನೋಮೋಡಾನ್ ಅಂತಲೇ ಅನಿಸುತ್ತದೆ. ಆದರೆ ಎರಡೂ ಫೋಟೋ ಮಳೆ ನಿಂತ ಮೇಲೆ ತೆಗೆದಂತಿವೆ. ಒದ್ದೆಯಾಗಿರುವಾಗ ಮರದ ಹಾವಸೆಗಳೆಲ್ಲ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಎರಡು ದಿನ ಬಿಸಿಲು ಬಿದ್ದ ಮೇಲೆ ಇನ್ನೊಮ್ಮೆ ಹೋಗಿ ನೋಡಿ.

ಒಣಗಿದ ಅನೋಮೋಡಾನಿನ ಎಲೆಗಳು ಕಾಂಡಕ್ಕೆ ಅಂಟಿಕೊಂಡು ಕೊಂಬೆಗಳು ದಾರದ ಹಾಗೆ ಆಗುತ್ತವೆ. ಕೆಲವು ಕೊಂಬೆಗಳ ತುದಿ ಸಣ್ಣಗಾಗುತ್ತ ಬಾಲದಂತೆ ಬಾಗಿರುತ್ತದೆ. ಹೆಸರು ಬಂದದ್ದೇ ಅದರಿಂದ, ಅಟೆನ್ಯುಯೇಟಸ್ ಅಂದರೆ ತೆಳ್ಳಗಾದದ್ದು. ಎಲ್ಲ ಕೊಂಬೆಗಳೂ ಹಾಗಿರುವುದಿಲ್ಲ, ಹತ್ತಾರು ಕೊಂಬೆ ನೋಡಬೇಕು. ನೋಡಿಯಾದ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಅಂಟಿಕೊಂಡಿದ್ದ ಎಲೆಗಳು ಬೇಗನೆ ಬಿಚ್ಚಿಕೊಳ್ಳುತ್ತವೆ. ಎಷ್ಟು ಸಲ ನೋಡಿದರೂ ನನಗೆ ಇದು ಬೇಸರ ತರಿಸಿಲ್ಲ.

ಬಣ್ಣವನ್ನು ಜಾಸ್ತಿ ನಂಬಬೇಡಿ, ಹೊಳಪನ್ನು ನಂಬಿ. ಅನೋಮೋಡಾನ್ ಯಾವಾಗಲೂ ಮಂಕು. ರೇಷ್ಮೆಯ ಹಾಗೆ ಮಿನುಗಿ, ಕೊಂಬೆಯ ತುದಿಯಲ್ಲಿ ಪುಟ್ಟ ಪುಟ್ಟ ಮರಿಕೊಂಬೆಗಳು ಗುಂಪಾಗಿದ್ದರೆ ಅದು ಪ್ಲಾಟಿಜೀರಿಯಂ ಎಂಬ ಬೇರೆ ಹಾವಸೆ ಇರಬಹುದು.

ಲ್ಯೂಕೋಡಾನ್ ಪ್ರಶ್ನೆ ಬಿಡಿಸುವುದು ಎಲೆಯ ನಡುವಿನ ನರ. ಒಂದು ಎಲೆ ಕಿತ್ತು ಗಾಜಿನ ಮೇಲೆ ನೀರಿನ ಹನಿಯಲ್ಲಿಟ್ಟು, ಬೆಳಕಿಗೆ ಹಿಡಿದು 10 ಪಟ್ಟಿನ ಲೆನ್ಸಿನಲ್ಲಿ ನೋಡಿ. ಅನೋಮೋಡಾನಿಗೆ ಒಂದೇ ನರ, ತುದಿಯ ಹತ್ತಿರದವರೆಗೂ ಹೋಗುತ್ತದೆ. ಲ್ಯೂಕೋಡಾನಿಗೆ ನರವೇ ಇಲ್ಲ. ಹಾಗೆಯೇ ತುದಿಯನ್ನೂ ನೋಡಿಬಿಡಿ. ಎಲೆ ನಾಲಿಗೆಯಂತಿದ್ದು ತುದಿ ಕಿರಿದಾಗಿ ಮುಗಿದರೆ ಅಟೆನ್ಯುಯೇಟಸ್. ತುದಿ ಪೂರ್ತಿ ದುಂಡಗಿದ್ದರೆ ಅನೋಮೋಡಾನ್ ಮೈನರ್. ತುದಿಯಲ್ಲಿ ಬಿಳಿಚಿದ ಕೂದಲಿನಂಥ ಎಳೆ ಇದ್ದರೆ ಅನೋಮೋಡಾನ್ ರೋಸ್ಟ್ರಾಟಸ್, ಅದು ಒತ್ತೊತ್ತಾದ ಚಾಪೆಯಂತೆ ಬೆಳೆಯುತ್ತದೆ.

ಮೈಕ್ರೋಸ್ಕೋಪ್ ಸಿಕ್ಕರೆ ಇನ್ನೂ ಗಟ್ಟಿ. ಅನೋಮೋಡಾನಿನ ಒಂದೊಂದು ಕೋಶದ ಮೇಲೂ ಹಲವು ಸಣ್ಣ ಗುಬುಟುಗಳಿರುತ್ತವೆ. ಎಲೆ ಮಂಕಾಗಿ ಕಾಣುವುದು ಅದಕ್ಕೇ. ಮರದ ಬುಡದಲ್ಲೇ ಬೆಳೆಯುವ ಥೀಲಿಯಾ ಎಂಬ ಇನ್ನೊಂದು ಹಾವಸೆಯಲ್ಲಿ ಕೋಶಕ್ಕೆ ಒಂದೇ ಗುಬುಟು. ಅದರ ಕೊಂಬೆಗಳು ಒದ್ದೆಯಾದರೂ ಹುಳುವಿನಂತೆ ಉರುಟಾಗಿಯೇ ಇರುತ್ತವೆ.

ಜಾಗವೂ ಸುಳಿವು ಕೊಡುತ್ತದೆ. ಅಟೆನ್ಯುಯೇಟಸ್ ಗಟ್ಟಿಮರಗಳ ಬುಡಕ್ಕೆ ಲಂಗ ಉಡಿಸಿದ ಹಾಗೆ ಸುತ್ತಿಕೊಳ್ಳುತ್ತದೆ, ಸುಣ್ಣಕಲ್ಲಿನ ಮೇಲೂ ಬರುತ್ತದೆ. ಉತ್ತರ ಅಮೆರಿಕದ ಪೂರ್ವ ಭಾಗದ ಕಾಡುಗಳಲ್ಲಿ ಇದು ಬಹಳ ಸಾಮಾನ್ಯ. ಅದೇ ಮರದಲ್ಲಿ ಮೇಲೆ ದುಂಡು ದುಂಡಾದ ಪುಟ್ಟ ಗೊಂಚಲು ಕಂಡರೆ ಅದು ಬೇರೆ ಹಾವಸೆ, ಯುಲೋಟಾ ಅಥವಾ ಆರ್ಥೋಟ್ರೈಕಂ. ಒಣಗಿದಾಗ ಎಲೆ ಸುರುಳಿ ಸುತ್ತಿದರೆ ಯುಲೋಟಾ, ಹೆಚ್ಚಾಗಿ ನೆಟ್ಟಗೇ ಇದ್ದರೆ ಆರ್ಥೋಟ್ರೈಕಂ. ಇವುಗಳಲ್ಲಿ ಬೀಜಾಣು ಕಾಯಿಗಳು ಸುಲಭವಾಗಿ ಸಿಗುತ್ತವೆ. ಅಟೆನ್ಯುಯೇಟಸ್‌ನಲ್ಲಿ ಕಾಯಿ ಅಪರೂಪ, ಅದಕ್ಕಾಗಿ ಕಾಯಬೇಡಿ.

ಮಾದರಿ ಬೇಕಾದರೆ ಹೆಬ್ಬೆರಳಿನ ಉಗುರಿನಷ್ಟು ಸಾಕು, ದಯವಿಟ್ಟು ಅದಕ್ಕಿಂತ ಜಾಸ್ತಿ ಕೀಳಬೇಡಿ. ಕಿತ್ತ ಜಾಗ ಮತ್ತೆ ತುಂಬಲು ತುಂಬಾ ಸಮಯ ಬೇಕು. ಕಾಯ್ದಿಟ್ಟ ಕಾಡಾದರೆ ಅನುಮತಿಯಿಲ್ಲದೆ ಮುಟ್ಟಲೇಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೂಸ್ಟು ಹಿಡಿಯುತ್ತದೆ, ಕಾಗದದ ಲಕೋಟೆಯಲ್ಲಿಡಿ. ಯಾವ ಮರ, ನೆಲದಿಂದ ಎಷ್ಟು ಎತ್ತರ ಎಂದು ಅದರ ಮೇಲೆಯೇ ಬರೆಯಿರಿ. ತಿಂಗಳುಗಟ್ಟಲೆ ಒಣಗಿದ್ದರೂ ನೀರು ಹಾಕಿದರೆ ಎಲೆ ಮೊದಲಿನ ಆಕಾರಕ್ಕೆ ಬರುತ್ತದೆ.

ಒಣಗಿದ ಕೊಂಬೆಯ ಫೋಟೋ ಒಂದು, ಬೆಳಕಿಗೆ ಹಿಡಿದ ಎಲೆಯ ಫೋಟೋ ಒಂದು ಹಾಕಿ. ನರ ಕಾಣದಿದ್ದರೆ ನಾನು ಹೇಳಿದ್ದು ತಪ್ಪು, ಆಗ ಲ್ಯೂಕೋಡಾನ್ ಕಡೆಯಿಂದಲೇ ನೋಡೋಣ.