ಬೂಟು ತಿಂದ ಬಿಷಪ್: ಕಟ್ಟುಕಥೆಯಲ್ಲ

ಕೆನಡಾದ ಬಿಷಪ್ ಒಬ್ಬರು ಹಸಿವಿಗೆ ತಮ್ಮ ಬೂಟನ್ನೇ ತಿಂದರೆಂಬುದು ನಿಜವೇ ಎಂದು ಕೇಳಿದ್ದೀರಿ. ನಿಜ. ಅವರು ವಾಯವ್ಯ ಕೆನಡಾದ ಯೂಕಾನ್ ಪ್ರದೇಶದ ಆಂಗ್ಲಿಕನ್ ಬಿಷಪ್ ಐಸಾಕ್ ಸ್ಟ್ರಿಂಗರ್. 1909ರಲ್ಲಿ ಫೋರ್ಟ್ ಮ್ಯಾಕ್‌ಫರ್ಸನ್‌ನಿಂದ ಡಾಸನ್ ಕಡೆಗೆ ಚಾರ್ಲ್ಸ್ ಜಾನ್ಸನ್ ಎಂಬ ಸಹಮಿಷನರಿಯೊಡನೆ ಹೊರಟರು. ಚಳಿಗಾಲ ಬೇಗನೆ ಎರಗಿತು, ಮಂಜಿನಲ್ಲಿ ದಾರಿ ತಪ್ಪಿತು, ಬುತ್ತಿ ಮುಗಿಯಿತು. ಕೊನೆಗೆ ಸೀಲ್ ಎಂಬ ಕಡಲ ಪ್ರಾಣಿಯ ಚರ್ಮದ ಬೂಟುಗಳನ್ನು ಗಂಟೆಗಟ್ಟಲೆ ಕುದಿಸಿ, ಸುಟ್ಟು ತಿಂದರು. ಮೇಲ್ಭಾಗಕ್ಕಿಂತ ಅಟ್ಟೆಯೇ ರುಚಿ ಎಂದು ದಿನಚರಿಯಲ್ಲಿ ಬರೆದುಕೊಂಡರಂತೆ! ಪ್ರಾಣ ಹೋಗುವ ಹೊತ್ತಿನಲ್ಲೂ ರುಚಿ ನೋಡುವ ಆ ಮನಸ್ಸು ನನಗೆ ಬಲು ಇಷ್ಟ.

ಇಲ್ಲಿ ಒಂದು ಮಾತು. ನಮ್ಮ ಚರ್ಮದ ಚಪ್ಪಲಿಯನ್ನು ನೆನೆದು ಇದನ್ನು ಊಹಿಸಬೇಡಿ. ಅದು ಹದ ಹಾಕಿದ ಕಾರ್ಖಾನೆಯ ಚರ್ಮವಲ್ಲ, ಆರ್ಕ್ಟಿಕ್ ಜನರ ಮಾದರಿಯ ಹಸಿ ತೊಗಲಿನ ಪಾದರಕ್ಷೆ. ಆದ್ದರಿಂದಲೇ ಬೆಂದಿತು.

ಐವತ್ತೊಂದು ದಿನಗಳ ಬಳಿಕ ಪೀಲ್ ನದಿಯ ದಂಡೆಯ ಮೂಲನಿವಾಸಿಗಳ ಬಿಡಾರ ತಲುಪಿದರು. ಅಷ್ಟರಲ್ಲಿ ಸುಮಾರು 50 ಪೌಂಡ್ ತೂಕ ಇಳಿದಿತ್ತು. ಆ ಸೀಮೆ ಅವರಿಗೆ ಹೊಸದೇನಲ್ಲ. 1892ರಿಂದಲೇ ಅಲ್ಲಿ ಸೇವೆಯಲ್ಲಿದ್ದರು, ಪತ್ನಿ ಸೇಡಿಯೊಡನೆ ಹರ್ಷೆಲ್ ದ್ವೀಪದಲ್ಲೂ ಸಂಸಾರ ಹೂಡಿದ್ದರು. 1931ರಲ್ಲಿ ಆರ್ಚ್‌ಬಿಷಪ್ ಆದರು. ಆದರೂ ಜನರ ನಾಲಿಗೆಯಲ್ಲಿ ಉಳಿದದ್ದು ಬೂಟಿನ ಹೆಸರೇ.